ಸೀಲಣ್ಣ ಹಿತ್ತಲಲ್ಲಿ ಮಣ್ಣು ಮಾಡಿದ್ದು

ಸೀಲಣ್ಣ ಎಲ್ಲರ ಹಾಗೆ ‘ಗೊಬ್ಬರ’ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೊಬ್ಬರ ಅನ್ನುವುದು ಒಳ್ಳೆಯ ಪದ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳುತ್ತಾರೆ, ಉಳಿದವರು ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಆದರೆ ಮನುಷ್ಯನಿಗೆ ಕೆಟ್ಟ ಗಳಿಗೆ ಬಂದಾಗ ಅವನ ಬಾಯಲ್ಲಿ ದೊಡ್ಡ ಪದ ಬಂದು ಕೂರುತ್ತದೆ.

ಸೀಲಣ್ಣ ರಬ್ಬರ್ ಸ್ಟಾಂಪು ಮಾಡುವವನು. ಊರಿನ ಎಲ್ಲ ಕಚೇರಿಗಳ ಮೊಹರೂ ಅವನ ಅಂಗಡಿಯಲ್ಲೇ ಹುಟ್ಟಬೇಕು. ‘ಮಂಜೂರಾಗಿದೆ’ ಎಂಬುದನ್ನೂ ಅವನೇ ಕೊರೆಯುತ್ತಿದ್ದ, ‘ತಿರಸ್ಕರಿಸಲಾಗಿದೆ’ ಎಂಬುದನ್ನೂ ಅವನೇ ಕೊರೆಯುತ್ತಿದ್ದ. ಹೀಗೆ ಊರಿನವರ ಹಣೆಬರಹವೆಲ್ಲ ಅವನ ಕೈಯಿಂದ ಹೊರಡುತ್ತಿದ್ದರೂ ಮನೆಯಲ್ಲಿ ಅವನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಮನೆ ಮಾವನದು, ಅವನು ಮನೆ ಅಳಿಯ. ದಿನವಿಡೀ ಅಕ್ಷರಗಳನ್ನು ತಿರುಗಾಮುರುಗಾ ಕೊರೆದು ಕೊರೆದು ಅವನಿಗೆ ಮಾತೂ ತಿರುಗಾಮುರುಗಾ ಕೇಳಿಸುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಅದನ್ನು ಅವನು ಹೊಗಳಿಕೆ ಎಂದುಕೊಂಡಿದ್ದ.

ಮಾವ ನಿವೃತ್ತ ಬಸ್ ಕಂಡಕ್ಟರ್. ನಿವೃತ್ತಿಯಾಗಿದ್ದು ಕೆಲಸ ಮಾತ್ರ, ಗಂಟಲಲ್ಲ. ಬೆಳಿಗ್ಗೆ ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಬೀದಿಯ ಎರಡೂ ಬದಿಯವರು ಎದ್ದು ಹಾಸಿಗೆ ಸುತ್ತುತ್ತಿದ್ದರು. ಈ ಮಾವನಿಗೂ ಅಳಿಯನಿಗೂ ನಡುವೆ ಇದ್ದ ಒಂದೇ ಜಗಳವೆಂದರೆ ಹಿತ್ತಲು. ಮನೆ ಕಟ್ಟಿದವರು ಉಳಿದ ಇಟ್ಟಿಗೆ ಚೂರು, ಗಾರೆ, ಜಲ್ಲಿಯನ್ನೆಲ್ಲ ಅಲ್ಲೇ ಹರಡಿ ಮೇಲೊಂದಿಷ್ಟು ಮಣ್ಣು ಉದುರಿಸಿ ಹೋಗಿದ್ದರು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಸೀಲಣ್ಣ ನೆಟ್ಟ ಬದನೆ ಸಸಿಗಳು ಒಂದೊಂದಾಗಿ ತಲೆ ಬಾಗಿಸಿ ಮಲಗಿದವು.

“ಅಳಿಯಂದ್ರೇ, ಇಲ್ಲಿ ಕಳೆ ಕೂಡ ಹುಟ್ಟಲ್ಲ. ಸಿಮೆಂಟ್ ಹಾಕ್ಸಿಬಿಡೋಣ. ಕಾರ್ ನಿಲ್ಲಿಸ್ಬಹುದು.”

“ಯಾರ ಕಾರು ಮಾವ?”

“ತಗೊಂಡ ಮೇಲೆ ನಂದೇ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಕಂಡಿದ್ದೇವೆ. ಮಾವ ತೊಟ್ಟಿಲಿಗೆ ಸಿಮೆಂಟನ್ನೇ ಹಾಕಿಸಲು ಹೊರಟಿದ್ದರು.

ಸೀಲಣ್ಣ ಒಪ್ಪಲಿಲ್ಲ. ಹುಚ್ಚು ಆಸೆ ಅನ್ನಿ ಬೇಕಾದರೆ, ಅವನಿಗೆ ತನ್ನದೇ ಒಂದು ಬದನೆಕಾಯಿ ಬೇಕಿತ್ತು. ಇಷ್ಟು ವರ್ಷ ಅವನ ಕೈಯಿಂದ ಹೊರಬಿದ್ದ ಪ್ರತಿಯೊಂದು ವಸ್ತುವಿನ ಮೇಲೂ ಬೇರೆ ಯಾರದೋ ಹೆಸರು, ಬೇರೆ ಯಾರದೋ ಹುದ್ದೆ ಇರುತ್ತಿತ್ತು. ಬದನೆಕಾಯಿಯ ಮೇಲೆ ಯಾರ ಹೆಸರೂ ಇರುವುದಿಲ್ಲ.

ಆಗ ಅವನ ಅಂಗಡಿಗೆ ಯಾವುದೋ ತೋಟದ ಸಂಘದ ಕಾರ್ಯದರ್ಶಿಯೊಬ್ಬರು ಮೊಹರು ಮಾಡಿಸಲು ಬಂದರು. ಹಿತ್ತಲಿನ ಗೋಳು ಕೇಳಿ ಅವರೆಂದರು: “ಬೀದೀಲಿ ಬಿದ್ದಿರೋ ಒಣಗಿದ ಎಲೆ ತಂದು ಗುಡ್ಡೆ ಹಾಕ್ರಿ. ನೀರು ಚಿಮುಕಿಸಿ, ಆಗಾಗ ತಿರುವಿ ಹಾಕಿ, ಕಾಯ್ರಿ. ಒಂದು ವಿಷಯ ತಿಳ್ಕೊಳ್ಳಿ, ಎಲೆ ಕೊಳೆತು ಆಗೋದು ಗೊಬ್ಬರ ಅಲ್ಲ, ಮಣ್ಣೇ. ಗೊಬ್ಬರ ಗಿಡಕ್ಕೆ ಊಟ. ಇದು ಗಿಡಕ್ಕೆ ಮನೆ.”

ಮನೆ ಅಳಿಯನಿಗೆ ಆ ಮಾತು ನೇರವಾಗಿ ಎದೆಗೆ ತಾಗಿತು. ಅಂದಿನಿಂದ ಅವನು ಗೊಬ್ಬರ ಎಂಬ ಪದವನ್ನು ಬಾಯಿಗೆ ತರಲಿಲ್ಲ, ತಂದವರನ್ನು ತಿದ್ದದೆ ಬಿಡಲಿಲ್ಲ. “ಗೊಬ್ಬರ ಯಾರು ಬೇಕಾದ್ರೂ ಮಾಡ್ತಾರೆ. ನಾನು ಮಾಡ್ತಿರೋದು ಮಣ್ಣು.”

ನಮ್ಮ ಮಾತಿನಲ್ಲಿ ‘ಮಣ್ಣು ಮಾಡುವುದು’ ಅಂದರೆ ಸತ್ತವರನ್ನು ಹೂಳುವುದು. ಅದು ಹಾಲುಗಲ್ಲದ ಮಗುವಿಗೂ ಗೊತ್ತು. ಸೀಲಣ್ಣನಿಗೂ ಗೊತ್ತಿತ್ತು. ಆದರೆ ಅವನ ತಲೆಯ ತುಂಬ ಎಲೆ ಇತ್ತು.

ಎಲೆ ಉದುರುವ ಕಾಲವಿಡೀ ಅವನು ಗೋಣಿಚೀಲ ಹಿಡಿದು ಬೀದಿ ಬೀದಿ ಅಲೆದ. ತಂದದ್ದನ್ನು ಕಾಲಿನಿಂದ ತುಳಿದು ಪುಡಿ ಮಾಡಿದ, ಹಿಂಡಿದರೆ ಒಂದೆರಡು ಹನಿ ಉದುರುವಷ್ಟು ನೀರು ಹಾಕಿದ, ನಡುನಡುವೆ ಅಡಿಗೆಮನೆಯ ತರಕಾರಿ ಸಿಪ್ಪೆ ಸೇರಿಸಿದ. ಗೋಡೆಗೆ ಒತ್ತಿ ಉದ್ದನೆಯ ಗುಡ್ಡೆಯೊಂದು ಎದ್ದಿತು. ಕೆಲವು ದಿನ ಕಳೆದು ಕೈಯನ್ನು ಅದರೊಳಗೆ ತೂರಿಸಿದವನು ಹಾಗೇ ನಿಂತುಬಿಟ್ಟ. ಒಳಗೆ ಬಿಸಿ ಇತ್ತು. ಗಾಳಿ ಬಂದರೆ ಹಾರಿಹೋಗುತ್ತಿದ್ದ ಒಣ ಎಲೆಗೆ ಈ ಬಿಸಿ ಎಲ್ಲಿಂದ ಬಂತು, ಯಾರು ಹಚ್ಚಿದರು, ಇನ್ನೂ ಒಳಗೆ ಹೋದರೆ ಏನಿದೆ ಎಂಬ ಕುತೂಹಲ ಹತ್ತಿದ ಮೇಲೆ ಅವನಿಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮುಂಚೆ ಗುಡ್ಡೆಗೆ ಕೈ ಹಾಕಿ ನೋಡುತ್ತಿದ್ದ.

ಹೆಂಡತಿ ಮನೆ ಬದಲಾಯಿಸುತ್ತಿದ್ದ ತನ್ನ ಅಕ್ಕನಿಗೆ ನೆರವಾಗಲು ಬೇರೆ ಊರಿಗೆ ಹೋದಳು. ಅವಳು ಹೋದ ಮೇಲೆ ಮಾವ ಅಳಿಯನ ಜಗಳಕ್ಕೆ ತಡೆ ಇಲ್ಲದಾಯಿತು. ಒಂದು ಸಂಜೆ ಮಾವ ಹಿತ್ತಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದರು: “ನಾನೂ ದೊಡ್ಡ ಮಗಳ ಮನೆಗೆ ಹೋಗಿ ಬರ್ತೀನಿ. ಬಂದಾಗ ಇಲ್ಲಿ ಬೆರಳು ಇಳಿಯೋ ಅಂಥ ಮಣ್ಣಿರಬೇಕು. ಇಲ್ಲದಿದ್ರೆ ಗಾರೆಯವನು ನನ್ನ ಜೊತೇಲೇ ಬರ್ತಾನೆ.”

“ನೀವು ಹೋಗಿ ಮಾವ. ನೀವು ಹೋದ ಮೇಲೆ ನೋಡ್ಕೋತೀನಿ,” ಎಂದು ಸೀಲಣ್ಣ ಹಲ್ಲು ಕಚ್ಚಿ ಹೇಳಿದ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮನ ಮೆಷಿನ್ನು ಅಲ್ಲಿಯವರೆಗೆ ಏನೂ ಕೇಳಿಸದ ಹಾಗೆ ಗಡಗಡಿಸಿ, ಆ ಮಾತಿಗೆ ಸರಿಯಾಗಿ ನಿಂತಿತು.

ಮರುದಿನ ಬೆಳಕು ಹರಿಯುವ ಮುಂಚೆ ಮಾವ ಮೊದಲ ಬಸ್ಸಿಗೆ ಹೊರಟುಹೋದರು. ಹೊಸ ಬೂಟು ಹಾಕಿಕೊಂಡಿದ್ದರಿಂದ ಹಳೆಯ ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಅವರ ಹಳೆಯ ಕಂಬಳಿ ಕೂಡ ಉಳಿಯಿತು, ಸೀಲಣ್ಣ ಅದನ್ನು ಗುಡ್ಡೆಯ ಮೇಲೆ ಬೆಚ್ಚಗೆ ಹೊದಿಸಿದ. ಅಂದು ಬೀದಿಯಲ್ಲಿ ಯಾರಿಗೂ ಗಂಟಲು ಕೇಳಿಸಲಿಲ್ಲ. ಅರ್ಧ ಬೀದಿ ತಡವಾಗಿ ಎದ್ದಿತು.

ಎರಡನೆಯ ದಿನ ಟೈಲರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. ಸೀಲಣ್ಣ ಕಂಬಳಿ ಸರಿಸಿ, ಮೊಣಕೈವರೆಗೆ ಗುಡ್ಡೆಯೊಳಗೆ ಕೈ ಇಳಿಸಿ ಕಣ್ಣು ಮುಚ್ಚಿಕೊಂಡಿದ್ದ.

“ಏನ್ ಮಾಡ್ತಿದೀರ ಸೀಲಣ್ಣ?”

“ಮಣ್ಣು ಮಾಡ್ತಿದೀನಮ್ಮ.”

ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದಳು. “ಮಾವ ಕಾಣಿಸ್ತಿಲ್ಲ?”

“ಹೋದ್ರು. ನಿನ್ನೆ ಬೆಳಗಿನ ಜಾವ.”

“ಹೋದ್ರಾ? ಯಾರಿಗೂ ಒಂದು ಮಾತು ಹೇಳಲಿಲ್ಲ?”

“ಹೇಳೋಕೆ ಪುರುಸೊತ್ತೆಲ್ಲಿತ್ತು. ಹೋಗ್ಬೇಕು ಅನ್ನಿಸ್ತು, ಹೋದ್ರು. ಒಳ್ಳೇದೇ ಆಯ್ತು ಬಿಡಿ, ಇನ್ನು ನನ್ನ ಕೆಲಸಕ್ಕೆ ಅಡ್ಡಿ ಇಲ್ಲ.”

ಟೈಲರಮ್ಮ ಗೋಡೆ ಹಿಡಿದುಕೊಂಡಳು. “ಆದ್ರೂ... ಮನೆ ಹಿಂದೇನೇನಾ ಮಾಡೋದು?”

“ಮತ್ತೆ? ಹೊರಗಿಂದ ಲಾರಿ ತರಿಸಿದ್ರೆ ಎಷ್ಟು ಖರ್ಚು. ನೋಡಿ, ಇನ್ನೂ ಬಿಸಿ ಇದೆ. ಬೇಕಾದ್ರೆ ಮುಟ್ಟಿ ನೋಡಿ.”

ಟೈಲರಮ್ಮ ಮುಟ್ಟಿ ನೋಡಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ತಲುಪಿಸುವ ನೆವದಲ್ಲಿ ಅವಳು ಸಂಜೆಯೊಳಗೆ ಬೀದಿಯ ಎಲ್ಲ ಮನೆಗಳಿಗೂ ಹೋಗಿ ಬಂದಳು. ಹೊಲಿಗೆ ಮುಗಿಯದ ರವಿಕೆಗಳೂ ಅಂದು ಮನೆ ತಲುಪಿದವು.

ಸೀಲಣ್ಣನ ಹೆಂಡತಿಗೆ ಒಂದು ಫೋನ್ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆ ಯೋಚನೆ ಬೀದಿಯವರಿಗೆ ಬರಲಿಲ್ಲ ಎಂದಲ್ಲ, ಬಂದಿತು. ಆದರೆ ಅಪ್ಪ ಹೋದ ವಿಷಯ ಮಗಳಿಗೆ ಗೊತ್ತಿಲ್ಲದಿದ್ದರೆ ಅದನ್ನು ನಾವು ಫೋನಿನಲ್ಲಿ ಹೇಳುವುದು ಸರಿಯೇ ಎಂದು ಎಲ್ಲರೂ ಸೂಕ್ಷ್ಮವಾಗಿ ವಿಚಾರ ಮಾಡಿ ಕೈಬಿಟ್ಟರು. ಮಾವನ ಫೋನಿಗೇ ಒಬ್ಬರು ಕರೆ ಮಾಡಿ ನೋಡಿದರು. ಅದು ಸ್ವಿಚ್ಚಾಫ್ ಆಗಿತ್ತು. ಚಾರ್ಜ್ ಉಳಿಯಲೆಂದು ಮಾವ ಅದನ್ನು ಯಾವಾಗಲೂ ಸ್ವಿಚ್ಚಾಫ್ ಮಾಡಿಯೇ ಇಡುತ್ತಿದ್ದರು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಮರುದಿನ ಸಂಜೆ ಬೀದಿಯ ಹಿರಿಯರ ಗುಂಪು ಹೂವಿನ ಹಾರ ಹಿಡಿದು ಸೀಲಣ್ಣನ ಬಾಗಿಲಿಗೆ ಬಂದಿತು. ಮುಂದೆ ನಿಂತವರು ಶ್ರದ್ಧಾಂಜಲಿ ಮೇಷ್ಟ್ರು. ಬೀದಿಯಲ್ಲಿ ಅರವತ್ತು ದಾಟಿದವರೆಲ್ಲರ ಮೇಲೂ ಅವರ ಬಳಿ ಒಂದೊಂದು ಶ್ರದ್ಧಾಂಜಲಿ ಭಾಷಣ ಸಿದ್ಧವಿರುತ್ತಿತ್ತು. ಯಾರಿಗಾದರೂ ನೆಗಡಿಯಾದರೆ ಅದನ್ನು ಒಮ್ಮೆ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದರು.

“ಸೀಲಣ್ಣ, ವಿಷಯ ತಿಳೀತು. ನೋಡಿ ಹೋಗೋಣ ಅಂತ ಬಂದ್ವಿ,” ಎಂದರು ಮೇಷ್ಟ್ರು ಇಳಿದ ದನಿಯಲ್ಲಿ.

ಸೀಲಣ್ಣನ ಮುಖ ಅರಳಿತು. ಆರು ತಿಂಗಳಿಂದ ಈ ಗುಡ್ಡೆಯನ್ನು ಯಾರಾದರೂ ಬಂದು ನೋಡಲಿ ಎಂದು ಅವನು ಹಂಬಲಿಸಿದ್ದ. ಈಗ ಹಾರ ತೆಗೆದುಕೊಂಡು ಬಂದಿದ್ದಾರೆ. ಅವನು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದ. ಗೋಡೆಯ ಪಕ್ಕ, ಆಳುದ್ದದ ಗುಡ್ಡೆ, ಮೇಲೆ ಮಾವನ ಕಂಬಳಿ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮೇಷ್ಟ್ರು ಹಾರವನ್ನು ಮೆಲ್ಲಗೆ ಅದರ ಮೇಲಿಟ್ಟರು.

“ತುಂಬಾ ಉಪಕಾರ ಆಯ್ತು ಮೇಷ್ಟ್ರೇ. ಹಸಿ ಹೂವು ಬಿದ್ರೆ ಬೇಗ ಆಗುತ್ತೆ,” ಎಂದು ಸೀಲಣ್ಣ ಹಾರವನ್ನು ತೆಗೆದು ಗುದ್ದಲಿಯಿಂದ ನಾಲ್ಕು ತುಂಡು ಮಾಡಿ, ಕಂಬಳಿಯ ಕೆಳಗೆ ಸೇರಿಸಿದ.

ದುಃಖದಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದು ಮೇಷ್ಟ್ರು ಮೆಲ್ಲಗೆ ಹಿಂದಿದ್ದವರಿಗೆ ವಿವರಿಸಿದರು. ಆಮೇಲೆ ಸಮಾಧಾನದ ದನಿಯಲ್ಲಿ, “ಇದೆಲ್ಲ ಪ್ರಕೃತಿ ನಿಯಮ. ಎಲ್ಲರೂ ಒಂದು ದಿನ ಮಣ್ಣಾಗೋದೇ,” ಅಂದರು.

“ಆಗ್ತಾರೆ ಅಂತ ಸುಮ್ಮನೆ ಕೂತ್ರೆ ಆಗಲ್ಲ ಮೇಷ್ಟ್ರೇ. ವಾರಕ್ಕೊಂದ್ಸಲ ತಿರುವಿ ಹಾಕ್ಬೇಕು. ಮೇಲಿಂದು ಕೆಳಗೆ, ಕೆಳಗಿಂದು ಮೇಲೆ. ಒಳಗೆ ಗಾಳಿಯಾಡ್ಲಿಲ್ಲ ಅಂದ್ರೆ ನಾರುತ್ತೆ.”

ಮೇಷ್ಟ್ರ ಶಾಲು ಜಾರಿತು.

“ಮೆತ್ತಗಿನ ಭಾಗ ಬೇಗ ಕರಗುತ್ತೆ. ನರ ಇದೆಯಲ್ಲ, ಅದೇ ಹಟಮಾರಿ, ಕೊನೇವರೆಗೂ ಉಳ್ಕೊಳ್ಳುತ್ತೆ. ಎಲ್ಲ ಆದ್ಮೇಲೆ ಜರಡಿ ಹಿಡೀತೀನಿ. ನೀವು ಇಷ್ಟು ಪ್ರೀತಿಯಿಂದ ಬಂದಿದೀರ, ನಿಮಗೂ ಮನೆಗೊಂದು ಚೀಲ ಕಳಿಸ್ತೀನಿ. ಗುಲಾಬಿಗೆ ಹಾಕಿ.”

ಮೇಷ್ಟ್ರು ಅಲ್ಲೇ ಇದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅವರ ಜನ್ಮದಲ್ಲಿ ಮೊದಲ ಬಾರಿಗೆ ಭಾಷಣ ಬಾಯಿಗೆ ಬರಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದು, ಬಾಗಿಲಲ್ಲಿದ್ದ ಹಳೆಯ ಚಪ್ಪಲಿ ಕಂಡು ಮತ್ತಷ್ಟು ಬೇಗ ಸರಿದರು. ಸೀಲಣ್ಣ ಮಾತ್ರ ಜನರಿಗೆ ಮಣ್ಣಿನ ಮೇಲೆ ಇಷ್ಟೊಂದು ಮಮತೆ ಇದೆಯಲ್ಲ ಎಂದು ಅಂದು ಎರಡು ತುತ್ತು ಹೆಚ್ಚೇ ಉಂಡ.

ಅಲ್ಲಿಂದ ಮುಂದೆ ನಡೆಯಬೇಕಾದ್ದು ನಡೆಯಿತು. ಮನೆ ಯಾರಿಗೆ ಬರುತ್ತದೆ ಎಂದು ಯಾರೋ ಕೇಳಿದರು. ಅಳಿಯನಿಗಲ್ಲದೆ ಇನ್ನಾರಿಗೆ ಎಂದು ಇನ್ಯಾರೋ ಹೇಳಿದರು. ನೀವು ಹೋದ ಮೇಲೆ ನೋಡ್ಕೋತೀನಿ ಎಂದು ಅವನೇ ಅಂದದ್ದನ್ನು ಟೈಲರಮ್ಮ ಕೇಳಿದ್ದಳು. ಊರಿಗೆಲ್ಲ ಒಂದು ದಾರಿಯಾದರೆ ಬಾಯಿಗೆ ಹತ್ತು ದಾರಿ. ಕೆಲವೇ ದಿನಗಳಲ್ಲಿ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರು ಒಬ್ಬ ಪೊಲೀಸ್ ಪೇದೆಯನ್ನು ಹಿಂದಿಟ್ಟುಕೊಂಡು ಬಂದರು. ಅವರ ಹಿಂದೆ ಬೀದಿಗೆ ಬೀದಿಯೇ ಬಂತು.

ಇನ್ಸ್‌ಪೆಕ್ಟರು ಒಂದು ನೋಟಿಸನ್ನು ಚಾಚಿದರು. ಸೀಲಣ್ಣ ಅದರಲ್ಲಿ ಬರೆದದ್ದನ್ನು ಓದಲಿಲ್ಲ, ಕೆಳಗಿದ್ದ ಮೊಹರನ್ನು ನೋಡಿದ. “ನಮ್ಮ ಅಂಗಡಿದೇ ಸರ್. ಆದ್ರೆ ನೀವು ಶಾಯಿ ಜಾಸ್ತಿ ಹಾಕ್ತೀರ. ‘ಆರೋಗ್ಯ’ ಕಲಸಿಹೋಗಿದೆ.”

“ಅದಿರಲಿ. ವಾಸದ ಮನೇಲಿ ಮಣ್ಣು ಮಾಡೋಕೆ ಯಾರು ಪರ್ಮಿಷನ್ ಕೊಟ್ರು?”

“ಮಣ್ಣು ಮಾಡೋಕೂ ಪರ್ಮಿಷನ್ ಬೇಕಾ ಸರ್? ಎಲ್ರೂ ಮನೇಲೇ ಮಾಡಿ ಅಂತ ನೀವೇ ಬೋರ್ಡ್ ಹಾಕ್ಬೇಕು.”

ಪೇದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಒಬ್ರನ್ನೇನಾ ಮಾಡಿರೋದು?”

“ಸದ್ಯಕ್ಕೆ ಒಂದೇ. ಇದು ಚೆನ್ನಾಗಿ ಬಂದ್ರೆ ಮುಂದಿನ ವರ್ಷ ಆ ಮೂಲೇಲಿ ಇನ್ನೊಂದು.”

ಆ ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರು ತಕ್ಷಣ ಜಾಗ ಬದಲಾಯಿಸಿದರು.

“ಅಗೀರಿ,” ಎಂದರು ಇನ್ಸ್‌ಪೆಕ್ಟರು.

ಸೀಲಣ್ಣನ ಮುಖ ಕಪ್ಪಿಟ್ಟಿತು. ಅವನು ಗುಡ್ಡೆಗೆ ಅಡ್ಡ ನಿಂತು ಎರಡೂ ಕೈ ಚಾಚಿದ. “ಬೇಡ ಸರ್. ಈಗ ತೆಗೆದ್ರೆ ತಣ್ಣಗಾಗಿಬಿಡುತ್ತೆ. ಮಾವ ಬರೋದರೊಳಗೆ ಇದು ಆಗ್ಲೇಬೇಕು. ಆಗದಿದ್ರೆ ನನ್ನ ಹಿತ್ತಲು ಹೋಯ್ತು.” ಅರ್ಧ ವರ್ಷ ಹೊತ್ತು ತಂದ ಎಲೆ, ಬೆಳಿಗ್ಗೆ ಬೆಳಿಗ್ಗೆ ಕೈಗೆ ತಾಗಿದ ಬಿಸಿ, ಎಲ್ಲವೂ ಎರಡು ಗುದ್ದಲಿ ಏಟಿಗೆ ಮುಗಿಯುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಮಾವ ಬರೋದರೊಳಗೆ ಎಂಬ ಮಾತು ಕೇಳಿ ಜನರ ಮೈ ಜುಮ್ಮೆಂದಿತು. ಮಣ್ಣು ಮಾಡಿದವನೇ ಸತ್ತವರು ಬರುವುದನ್ನು ಕಾಯುತ್ತಿದ್ದಾನೆ ಎಂದರೆ ವಿಷಯ ನಗರಸಭೆಯ ವ್ಯಾಪ್ತಿ ಮೀರಿದೆ ಎಂದು ಇನ್ಸ್‌ಪೆಕ್ಟರಿಗೂ ಅನ್ನಿಸಿತು. ಪೇದೆ ಸೀಲಣ್ಣನನ್ನು ಪಕ್ಕಕ್ಕೆ ಸರಿಸಿ, ಕಂಬಳಿ ಎತ್ತಿ, ಗುದ್ದಲಿ ಹಾಕಿದ. ಬೆಳಗಿನ ಚಳಿಗೆ ಗುಡ್ಡೆಯಿಂದ ಆವಿ ಎದ್ದಿತು. ಬೀದಿ ಒಟ್ಟಾಗಿ ಒಂದು ಹೆಜ್ಜೆ ಹಿಂದೆ ಹೋಯಿತು.

“ಮುಂದೆ ಹೋಗಿ, ಮುಂದೆ ಹೋಗಿ. ಒಳಗೆ ಜಾಗ ಇದೆ. ದಾರಿ ಬಿಡಿ.”

ವರ್ಷಗಳಿಂದ ಕೇಳಿ ಕೇಳಿ ರೂಢಿಯಾದ ದನಿ. ಜನ ತಿರುಗಿಯೂ ನೋಡದೆ ಮುಂದೆ ಒತ್ತಿ ದಾರಿ ಬಿಟ್ಟರು. ಕೈಯಲ್ಲಿ ಚೀಲ, ಕಾಲಲ್ಲಿ ಹೊಸ ಬೂಟು, ಹಿಂದೆ ಗಾರೆಯವನನ್ನು ಕರೆದುಕೊಂಡು ಮಾವ ಟೈಲರಮ್ಮನ ಪಕ್ಕಕ್ಕೆ ಬಂದು ನಿಂತರು.

“ಏನಮ್ಮ ಇದು ಇಷ್ಟೊಂದು ಜನ?”

“ನಿಮ್ಮನ್ನೇ ಅಗೀತಿದಾರೆ, ಸುಮ್ನಿರಿ,” ಎಂದಳು ಟೈಲರಮ್ಮ ಗುಡ್ಡೆಯ ಮೇಲಿಂದ ಕಣ್ಣು ಕೀಳದೆ.

ಆಮೇಲೆ ಅವಳು ತಿರುಗಿದಳು. ಅವಳ ಬಾಯಿಂದ ಬಂದ ಶಬ್ದವನ್ನು ಅಕ್ಷರದಲ್ಲಿ ಬರೆಯಲಾಗದು. ಮೇಷ್ಟ್ರು ಕೈಮುಗಿದರು. ಪೇದೆ ಗುದ್ದಲಿ ಕೆಳಗಿಟ್ಟು ಸೆಲ್ಯೂಟ್ ಹೊಡೆದ. ಸೀಲಣ್ಣ ಒಬ್ಬನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಅವನಿಗೆ ಆದದ್ದು ನಿರಾಸೆ.

“ಇನ್ನೊಂದು ವಾರ ಬಿಟ್ಟು ಬರಬಾರದಿತ್ತಾ ಮಾವ,” ಎಂದ.

ವಿಷಯ ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು, ಎಲ್ಲರೂ ಒಟ್ಟಿಗೇ ಹೇಳಿದ್ದರಿಂದ. ತಾನು ಹೋದದ್ದು, ಮಣ್ಣಾದದ್ದು, ತನ್ನ ಮೇಲೆ ಹಾರ ಬಿದ್ದದ್ದು, ಜರಡಿ ಹಿಡಿಸಿಕೊಂಡು ಗುಲಾಬಿಗೆ ಬೀಳಬೇಕಾಗಿದ್ದದ್ದು ಎಲ್ಲವನ್ನೂ ಮಾವ ಕಿವಿಗೊಟ್ಟು ಕೇಳಿದರು. ಕೊನೆಗೆ ಅಳಿಯನ ಕಡೆ ತಿರುಗಿದರು.

“ಅಳಿಯಂದ್ರೇ, ನಾನು ಹೊರಡುವಾಗ ಏನಂದೆ? ಹೋಗಿ ಬರ್ತೀನಿ ಅಂದೆ. ನೀವು ಬರೀ ‘ಹೋದ್ರು’ ಅಂದ್ರೆ ಜನ ಏನಂತ ತಿಳ್ಕೋಬೇಕು? ಅರ್ಧ ಟಿಕೆಟ್ ಹರಿದು ಕೊಟ್ಟಂಗಾಯ್ತು.”

“ತಪ್ಪಾಯ್ತು ಮಾವ.”

ಮಾವ ಬಗ್ಗಿ ಗುಡ್ಡೆಯನ್ನು ನೋಡಿದರು. ಪೇದೆ ಅಗೆದ ಕಡೆ ಮೇಲೆ ಕಂದು ಎಲೆ, ಅದರ ಕೆಳಗೆ ಬಿಳಿ ನೂಲಿನಂಥ ಬೂಷ್ಟು, ಇನ್ನೂ ಕೆಳಗೆ ಎಲೆಯೆಂದು ಗುರುತೇ ಹತ್ತದ ಕಪ್ಪು ಮಣ್ಣು. ಒಂದೆರಡು ಎರೆಹುಳಗಳು ಬೆಳಕಿಗೆ ಹೆದರಿ ಒಳಸರಿದವು. ಮಾವ ತೋರುಬೆರಳು ಚುಚ್ಚಿದರು. ಅದು ಬುಡದವರೆಗೆ ಇಳಿಯಿತು. ಅವರು ಬೆರಳನ್ನು ಮೂಸಿ ನೋಡಿ, ಮತ್ತೊಮ್ಮೆ ಮೂಸಿ, ಇನ್ಸ್‌ಪೆಕ್ಟರ ಮೂಗಿನ ಬಳಿಯೂ ಹಿಡಿದರು. ನಾತ ಇರಲಿಲ್ಲ. ಪೇದೆ ಹೇಳದೆಯೇ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಪುಡಿಮಾಡಿ ನೋಡಿದ. ಎಲ್ಲರಿಗೂ ನೋಡುವ ಆಸೆಯಾಗಿ ಹಿಂದೆ ಹೋಗಿದ್ದ ಬೀದಿ ಒಟ್ಟಾಗಿ ಒಂದು ಹೆಜ್ಜೆ ಮುಂದೆ ಬಂತು.

“ಇದೇನೋ ಚೆನ್ನಾಗೇ ಆಗಿದೆ,” ಎಂದರು ಮಾವ. “ಆದ್ರೆ ಮಾತು ಮಾತೇ. ನಾನು ಹೇಳಿದ್ದು ಹಿತ್ತಲಿಗೆ, ಗುಡ್ಡೆಗಲ್ಲ. ಹಿತ್ತಲು ಇನ್ನೂ ಜಲ್ಲಿನೇ. ಏನಪ್ಪ, ಅಳತೆ ತಗೋ.”

ಸೀಲಣ್ಣ ತಲೆ ಬಗ್ಗಿಸಿ ಚೆಲ್ಲಾಪಿಲ್ಲಿಯಾದ ಎಲೆಯನ್ನು ಕೈಯಿಂದ ಒಟ್ಟುಗೂಡಿಸತೊಡಗಿದ. ಅವನಿಗೆ ಅಳು ಬಂದಿತ್ತು. ಗಾರೆಯವನು ಟೇಪು ಬಿಚ್ಚಿದ. ಜನರ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡಿದ್ದ ಆ ಪುಣ್ಯಾತ್ಮ ಅಳತೆ ಶುರು ಮಾಡಿದ್ದು ಗುಡ್ಡೆಯಿಂದಲೇ.

“ಉದ್ದ ಆರಡಿ, ಅಗಲ ಮೂರಡಿ. ಯಜಮಾನ್ರೇ, ಸಿಮೆಂಟು ಸಪಾಟಾಗಿ ಹಾಕ್ಲಾ, ಇಲ್ಲ ತಲೆ ಕಡೆ ಸ್ವಲ್ಪ ಎತ್ತರ ಮಾಡ್ಲಾ? ಹೆಸರು ಕೆತ್ತಿಸೋದಾದ್ರೆ ಈಗ್ಲೇ ಹೇಳ್ಬಿಡಿ.”

ಮಾವ ಟೇಪನ್ನು ನೋಡಿದರು. ತಮ್ಮ ಕಂಬಳಿಯನ್ನು ನೋಡಿದರು. ಆಮೇಲೆ ತಮ್ಮನ್ನೇ ತಲೆಯಿಂದ ಬೂಟಿನವರೆಗೆ ಒಮ್ಮೆ ನೋಡಿಕೊಂಡರು. ಅಳತೆ ಸರಿಯಾಗಿತ್ತು.

“ಹೋಲ್ಡಾನ್,” ಎಂದರು, ಬಸ್ಸು ನಿಲ್ಲಿಸುವವರ ಹಾಗೆ. ಅವರ ಗಂಟಲು ಅಷ್ಟು ಸಣ್ಣಗೆ ಬಂದದ್ದನ್ನು ಬೀದಿ ಹಿಂದೆಂದೂ ಕೇಳಿರಲಿಲ್ಲ. “ಟೇಪು ಸುತ್ತಪ್ಪ. ಬದುಕಿರುವಾಗ್ಲೇ ನನ್ನ ಮೇಲೆ ನಾನೇ ಸಿಮೆಂಟ್ ಹಾಕಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ? ಅಳಿಯಂದ್ರೇ, ಈ ಮಣ್ಣನ್ನ ಹಿತ್ತಲಿಗೆಲ್ಲ ಹರಡಿ. ಇಲ್ಲಿ ಗುಡ್ಡೆ ಅನ್ನೋದೇ ಕಾಣಿಸಬಾರದು.”

“ಹರಡಿದ ಮೇಲೆ ಬದನೆ ಹಾಕ್ಲಾ ಮಾವ?”

“ಏನಾದ್ರೂ ಹಾಕಿ. ಹಸಿರಾಗಿರ್ಲಿ.”

ಆ ವರ್ಷದ ಬದನೆಯ ಬಗ್ಗೆ ಹೆಚ್ಚು ಹೇಳಿದರೆ ದೃಷ್ಟಿಯಾದೀತು. ಮೊದಲ ಕಾಯಿಯನ್ನು ಸೀಲಣ್ಣ ಕೀಳದೆ, ದಿನವೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಎಲ್ಲಿಯೂ ಯಾರ ಹೆಸರೂ ಇರಲಿಲ್ಲ. ಬೀದಿಯವರು ನಾಚಿಕೆ ಬಿಟ್ಟು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬಂದರು. ಗೊಬ್ಬರ ಅಂದರೆ ಸೀಲಣ್ಣನಿಗೆ ಸಿಟ್ಟು, ಮಣ್ಣು ಅಂದರೆ ಮಾವನಿಗೆ ಸಿಟ್ಟು. ಹಾಗಾಗಿ ಅವರೆಲ್ಲ ‘ಅದು ಇದೆಯಾ’ ಎಂದು ಕೇಳುವುದನ್ನು ಕಲಿತರು. ಮೇಷ್ಟ್ರು ತಮ್ಮ ಗುಲಾಬಿಗೆ ಎರಡು ಬುಟ್ಟಿ ಒಯ್ದರು.

ಮತ್ತೆ ಎಲೆ ಉದುರುವ ಕಾಲ ಬಂದಾಗ ಸೀಲಣ್ಣ ಹೊಸ ಗುಡ್ಡೆ ಹಾಕಿದ. ಮಾವನ ಸಲಹೆಯಂತೆ ಈ ಸಲ ಅದು ದುಂಡಗಿತ್ತು. ಅದೇ ಹೊತ್ತಿಗೆ ಮಾವ ಮತ್ತೆ ದೊಡ್ಡ ಮಗಳ ಮನೆಗೆ ಹೊರಟರು. ಈ ಬಾರಿ ನಡುಮಧ್ಯಾಹ್ನದ ಬಸ್ಸು ಹಿಡಿದು, ಬೀದಿಯ ಪ್ರತಿ ಮನೆಯ ಮುಂದೆಯೂ ನಿಂತು, “ಹೋಗಿ ಬರ್ತೀನಿ. ಬರ್ತೀನಿ ಅಂದೆ, ಕೇಳಿಸ್ತಾ?” ಎಂದು ಕೂಗಿ, ಉತ್ತರ ಬಂದ ಮೇಲೆಯೇ ಮುಂದಿನ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಟೈಲರಮ್ಮ ಅಭ್ಯಾಸಬಲದಿಂದ ಕಾಂಪೌಂಡಿನ ಮೇಲಿಂದ ಇಣುಕಿದಳು. ಸೀಲಣ್ಣ ಮೊಣಕೈವರೆಗೆ ಎಲೆಯೊಳಗೆ ಕೈ ಇಳಿಸಿ, ಬಿಸಿ ಹತ್ತಿತೋ ಇಲ್ಲವೋ ಎಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಮಾವ ಎಲ್ಲಿ ಸೀಲಣ್ಣ?”

ಅವನು ಬಾಯಿ ತೆರೆದ. ಬಾಯಿ ಮುಚ್ಚಿದ. ಹಿಂದಿನ ವರ್ಷದ್ದೆಲ್ಲ ಕಣ್ಣ ಮುಂದೆ ಒಮ್ಮೆ ಹಾದುಹೋಯಿತು. ಆಮೇಲೆ, ಅಕ್ಷರ ತಪ್ಪದ ಹಾಗೆ ಮೊಹರು ಒತ್ತುವವನ ಎಚ್ಚರದಿಂದ ಹೇಳಿದ:

“ಬರ್ತಾರೆ.”